ಹತ್ತು ಮೀಟರ್ ಏರ್ ರೈಫಲ್: ಯಾವ ಗಾಳಿ, ಯಾರ ಹೆಗಲು

ಮಗನಿಗೋ ಮಗಳಿಗೋ ಮೊದಲ ಏರ್ ರೈಫಲ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ವೇಗ ಎಷ್ಟು?’ ಎಂದು. ಅಂಗಡಿಯವರಿಗೂ ಈ ಪ್ರಶ್ನೆ ಇಷ್ಟ. ಉತ್ತರ ಒಂದು ಸಂಖ್ಯೆಯಲ್ಲಿ ಮುಗಿಯುತ್ತದೆ, ಸಂಖ್ಯೆ ದೊಡ್ಡದಾದಷ್ಟೂ ಬೆಲೆ ಏರಿಸಬಹುದು. ಹತ್ತು ಮೀಟರ್ ಸ್ಪರ್ಧೆಯ ಮಟ್ಟಿಗೆ ಆ ಸಂಖ್ಯೆಯಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ಒಲಿಂಪಿಕ್ಸ್‌ಗೆ ಹೋಗುವ ರೈಫಲ್‌ಗಳು ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಕಳಿಸುತ್ತವೆ, ಅಷ್ಟೆ. ಹಿತ್ತಲಲ್ಲಿ ಖಾಲಿ ಡಬ್ಬಿ ಹೊಡೆಯಲೆಂದು ಮಾರುವ ಎಷ್ಟೋ ಬಂದೂಕುಗಳು ಇದಕ್ಕಿಂತ ಜೋರಾಗಿವೆ.

ಕೇಳಬೇಕಾದ ಪ್ರಶ್ನೆಗಳು ಎರಡೇ. ಗಾಳಿಯನ್ನು ಎಲ್ಲಿಂದ ತರುತ್ತೀರಿ? ಬಂದೂಕು ಯಾರ ಮೈಗೆ ಹೊಂದಬೇಕು? ಈ ಎರಡಕ್ಕೂ ಉತ್ತರ ಗೊತ್ತಿಲ್ಲದೆ ಬ್ರ್ಯಾಂಡ್ ಹೆಸರು ಹಿಡಿದು ಲಕ್ಷಗಟ್ಟಲೆ ಸುರಿದವರು ಪ್ರತಿ ಶೂಟಿಂಗ್ ರೇಂಜಿನಲ್ಲೂ ಸಿಗುತ್ತಾರೆ.

ಗುರಿಯ ಅಳತೆ ಗೊತ್ತಿದ್ದರೆ ಮುಂದಿನ ಮಾತು ಸುಲಭ. ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ 0.5 ಮಿ.ಮೀ. ಅದರತ್ತ ಹೋಗುವ ಪೆಲೆಟ್ 4.5 ಮಿ.ಮೀ. ಸುತ್ತಲಿನ ಕಪ್ಪು ವೃತ್ತ 30.5 ಮಿ.ಮೀ. ಪ್ರತಿ ಹೊಡೆತವನ್ನು ದಶಮಾಂಶದಲ್ಲಿ ಎಣಿಸುತ್ತಾರೆ, ಒಂದು ಹೊಡೆತಕ್ಕೆ ಗರಿಷ್ಠ 10.9. ಅರವತ್ತು ಹೊಡೆತ, ಎಪ್ಪತ್ತೈದು ನಿಮಿಷ. 2018ರವರೆಗೆ ಮಹಿಳೆಯರಿಗೆ ನಲವತ್ತೇ ಹೊಡೆತಗಳಿದ್ದವು, ಈಗ ಎಲ್ಲರಿಗೂ ಅರವತ್ತು. ದೊಡ್ಡ ಕೂಟಗಳಲ್ಲಿ ಫೈನಲ್ ತಲುಪಲು 630ರ ಆಸುಪಾಸು ಅಂಕ ಬೇಕಾಗುತ್ತದೆ, ಅಂದರೆ ಪ್ರತಿ ಹೊಡೆತಕ್ಕೂ ಸರಾಸರಿ 10.5. ಒಳ್ಳೆಯ ಮ್ಯಾಚ್ ರೈಫಲ್ಲನ್ನು, ಅಂದರೆ ಸ್ಪರ್ಧೆಗೆಂದೇ ಮಾಡಿದ್ದನ್ನು, ವೈಸಿನಲ್ಲಿ ಬಿಗಿದು ಹೊಡೆದರೆ ಹತ್ತು ಮೀಟರ್ ದೂರದಲ್ಲಿ ಹೊಡೆತಗಳೆಲ್ಲ ಒಂದೇ ತೂತಿನಲ್ಲಿ ಕೂರುತ್ತವೆ. ಅದಕ್ಕೆ ಸಾಕ್ಷಿಯಾಗಿ ತಯಾರಕರು ಪೆಟ್ಟಿಗೆಯಲ್ಲೇ ಒಂದು ಪರೀಕ್ಷಾ ಕಾಗದ ಇಟ್ಟು ಕಳಿಸುತ್ತಾರೆ. ಕಳೆದುಹೋಗುವ ಅಂಕಗಳು ನಳಿಗೆಯಲ್ಲಿ ಕಳೆಯುವುದಿಲ್ಲ. ಹಿಡಿತದಲ್ಲಿ, ಟ್ರಿಗರ್ ಬೆರಳಿನಲ್ಲಿ, ಕೆನ್ನೆ ಕೂರುವ ಜಾಗದಲ್ಲಿ ಕಳೆಯುತ್ತವೆ.

ಕಾನೂನಿನ ಮಾತು ಚುಟುಕಾಗಿ: 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್‌ಗಿಂತ ಕಡಿಮೆ ಶಕ್ತಿಯ 4.5 ಮಿ.ಮೀ. ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಮ್ಯಾಚ್ ರೈಫಲ್‌ನ ಶಕ್ತಿ ಎಂಟು ಜೂಲ್‌ನ ಸುತ್ತ ಇರುವುದರಿಂದ ಅಲ್ಲಿ ಚಿಂತೆಯಿಲ್ಲ. ಗುರುತಿನ ದಾಖಲೆ ಕೊಟ್ಟು, ಬಿಲ್ಲು ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಾಗುವುದಿಲ್ಲ. ಹಕ್ಕಿ, ಅಳಿಲುಗಳತ್ತ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಂದೆ ಬಂದು ನಿಲ್ಲುತ್ತದೆ.

ಸ್ಪ್ರಿಂಗ್ ರೈಫಲ್

ಅಗ್ಗದ್ದು ಇದೇ. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಅದುಮಬೇಕು, ಪೆಲೆಟ್ ಇಡಬೇಕು, ಮುಚ್ಚಬೇಕು. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಎದುರಿನ ಗಾಳಿ ಕುಗ್ಗಿ ಪೆಲೆಟ್ಟನ್ನು ಓಡಿಸುತ್ತದೆ. ಹೊರಗಿನ ಗಾಳಿ, ಪಂಪು, ಸಿಲಿಂಡರ್ ಯಾವುದೂ ಬೇಡ. ಊರಲ್ಲಿ ರೇಂಜೇ ಇಲ್ಲದವನಿಗೆ ಇದಕ್ಕಿಂತ ಸ್ವತಂತ್ರವಾದ ಬಂದೂಕು ಸಿಗಲಾರದು.

ತೊಂದರೆ ಇರುವುದು ಪಿಸ್ಟನ್ನಿನ ತೂಕದಲ್ಲಿ. ಅದು ಮುಂದೆ ಹೊರಟಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಕೊನೆಗೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಗಲಾಟೆ ಶುರುವಾಗುವ ಹೊತ್ತಿಗೆ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಹಾಗಾಗಿ ಇಂದು ಗಟ್ಟಿ ಹಿಡಿದು, ನಾಳೆ ಸಡಿಲ ಹಿಡಿದರೆ ಹೊಡೆತಗಳ ಗುಂಪು ಬೇರೆ ಬೇರೆ ಕಡೆ ಕೂರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಚೆನ್ನಾಗಿ ಹೊಡೆಯುವವರು ಅದನ್ನು ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಒದೆಯಲು ಬಿಟ್ಟು ಹೊಡೆಯುತ್ತಾರೆ.

‘ಸ್ಪ್ರಿಂಗ್‌ನಲ್ಲಿ ಕಲಿತರೆ ಶಿಸ್ತು ಬರುತ್ತದೆ’ ಎಂಬ ಮಾತನ್ನು ಹಳೆಯ ಕೋಚ್‌ಗಳು ಇಂದಿಗೂ ಹೇಳುತ್ತಾರೆ. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಹೊಡೆದ ಮೇಲೂ ಅಲುಗದೆ ನಿಲ್ಲುವ ಅಭ್ಯಾಸ ಬರುತ್ತದೆ, ನಿಜ. ಆದರೆ ಸ್ಪರ್ಧೆಯ ಹಿಡಿತ ಬೇರೆಯೇ: ಎಡಮೊಣಕೈ ಸೊಂಟದ ಮೇಲೆ, ಬಟ್ (ರೈಫಲ್‌ನ ಹಿಂತುದಿ) ಹೆಗಲಲ್ಲಿ, ಕೆನ್ನೆ ಸ್ಟಾಕಿನ (ನಳಿಗೆಯನ್ನು ಹೊತ್ತ ಚೌಕಟ್ಟಿನ) ಮೇಲೆ, ಪ್ರತಿ ಸಲವೂ ಅದೇ ಒತ್ತಡ. ಸಡಿಲ ಹಿಡಿತದಲ್ಲಿ ವರ್ಷ ಕಳೆದ ಮಗು ಮ್ಯಾಚ್ ರೈಫಲ್‌ಗೆ ಬಂದಾಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಇನ್ನೊಂದು ಕೊರತೆಯನ್ನು ಯಾರೂ ಹೇಳುವುದಿಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಸ್ಪ್ರಿಂಗ್ ರೈಫಲ್ಲನ್ನು ಪೆಲೆಟ್ ಇಲ್ಲದೆ ಹೊಡೆಯುವಂತಿಲ್ಲ. ಎದುರು ತಡೆಯಿಲ್ಲದೆ ಪಿಸ್ಟನ್ ಬಡಿದರೆ ಸೀಲ್ ಮತ್ತು ಸ್ಪ್ರಿಂಗ್ ಹಾಳಾಗುತ್ತವೆ. ಈ ಆಟದ ಅಭ್ಯಾಸದ ಬಹುಪಾಲು ನಡೆಯಬೇಕಾದದ್ದು ಮನೆಯಲ್ಲಿ, ಪೆಲೆಟ್ ಇಲ್ಲದೆ, ಗೋಡೆಯತ್ತ ಮುಖ ಮಾಡಿ. ಐದು ಮೀಟರ್ ದೂರದಲ್ಲಿ 15 ಮಿ.ಮೀ. ಕಪ್ಪು ಚುಕ್ಕೆ ಅಂಟಿಸಿದರೆ ಹತ್ತು ಮೀಟರ್ ಗುರಿ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತದೆ. ಹೊಸ ಕಾಲದ ಮ್ಯಾಚ್ ರೈಫಲ್‌ಗಳಲ್ಲಿ ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಬೀಳುವ ವ್ಯವಸ್ಥೆಯೇ ಇರುತ್ತದೆ. ಪ್ರತಿ ಸಲ ನಳಿಗೆ ಖಾಲಿ ಇದೆಯೆಂದು ಕಣ್ಣಾರೆ ನೋಡಿ ಶುರುಮಾಡುವ ರೂಢಿಯೂ ಇದರ ಜೊತೆಗೇ ಬರಬೇಕು.

ಸ್ಪ್ರಿಂಗ್‌ಗಳ ಸಾಲಿನಲ್ಲಿ ಒಂದು ಮರ್ಯಾದೆಯ ಅಪವಾದ ಜರ್ಮನಿಯ ಫೈನ್‌ವೆರ್ಕ್‌ಬಾವ್ 300ಎಸ್. ಪಕ್ಕದ ಸನ್ನೆಯಿಂದ (ಲಿವರ್) ಸ್ಪ್ರಿಂಗ್ ಅದುಮುವ ಈ ರೈಫಲ್‌ನಲ್ಲಿ ನಳಿಗೆ ಮತ್ತು ಯಂತ್ರಭಾಗ ಹೊಡೆತದ ಕ್ಷಣದಲ್ಲಿ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತವನ್ನು ತಾವೇ ನುಂಗಿಬಿಡುತ್ತವೆ, ಹೆಗಲಿಗೆ ತಿಳಿಯುವುದೇ ಇಲ್ಲ. 1970ರ ದಶಕದ ಈ ಮಾದರಿ ಇಂದಿಗೂ ಹಳೆಯ ಕ್ಲಬ್ಬುಗಳ ಬೀರುವಿನಲ್ಲಿ ಜೀವಂತವಾಗಿರುವುದುಂಟು. ಸೀಲ್ ಬದಲಿಸಬಲ್ಲವರು ಗೊತ್ತಿದ್ದರೆ, ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ.

ಒಂದೇ ಎಳೆತ ಮತ್ತು ಇಂಗಾಲದ ಡೈಆಕ್ಸೈಡ್

ಇವೆರಡನ್ನೂ ಹೊಸದಾಗಿ ಕೊಳ್ಳುವ ಪ್ರಸಂಗ ಬರುವುದು ಕಡಿಮೆ, ಹಳೆಯದರ ಮಾರುಕಟ್ಟೆಯಲ್ಲಿ ಎದುರಾಗುತ್ತವೆ.

ಒಂದೇ ಎಳೆತದ ರೈಫಲ್‌ನಲ್ಲಿ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ಒಳಗೆ ಕುಗ್ಗಿ ಕೂರುತ್ತದೆ. 1974ರ ವಾಲ್ಥರ್ ಎಲ್‌ಜಿಆರ್ ಈ ಬಗೆಯದು. ಫೈನ್‌ವೆರ್ಕ್‌ಬಾವ್‌ನ 600 ಸರಣಿಯೂ ಇದೇ. ಒದೆತವಿಲ್ಲ, ಸಿಲಿಂಡರ್ ಬೇಡ, ನಿಖರತೆಯಲ್ಲಿ ಇಂದಿನ ರೈಫಲ್‌ಗಳ ಪಕ್ಕದಲ್ಲಿ ತಲೆ ತಗ್ಗಿಸಬೇಕಿಲ್ಲ. ಆದರೆ ಸನ್ನೆ ಎಳೆಯಲು ತೋಳಿಗೆ ಶಕ್ತಿ ಬೇಕು. ಅಭ್ಯಾಸದ ಹೊಡೆತಗಳೂ ಸೇರಿದರೆ ಎಂಬತ್ತು, ತೊಂಬತ್ತು ಸಲ ಅದನ್ನು ಎಳೆಯುವ ಹನ್ನೆರಡರ ಹುಡುಗಿಯ ಕೈ ಕೊನೆಯ ಹತ್ತು ಹೊಡೆತಗಳಲ್ಲಿ ನಡುಗದೆ ಇರದು. ಗಟ್ಟಿಮುಟ್ಟಾದ ವಯಸ್ಕರಿಗೆ, ಅದರಲ್ಲೂ ಗಾಳಿ ತುಂಬಿಸುವ ಅನುಕೂಲವಿಲ್ಲದ ಊರಿನವರಿಗೆ, ಇದು ಇಂದಿಗೂ ಬುದ್ಧಿವಂತಿಕೆಯ ಆಯ್ಕೆ.

ಇಂಗಾಲದ ಡೈಆಕ್ಸೈಡ್‌ನ ರೈಫಲ್‌ಗಳು ನಮ್ಮ ಹವೆಗೆ ಹೇಳಿಸಿದ್ದಲ್ಲ. ಈ ಅನಿಲ ಸಿಲಿಂಡರ್‌ನಲ್ಲಿ ದ್ರವವಾಗಿರುತ್ತದೆ, ಅದರ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ. ಸೊನ್ನೆ ಡಿಗ್ರಿಯಲ್ಲಿ ಸುಮಾರು 35 ಬಾರ್, 20 ಡಿಗ್ರಿಯಲ್ಲಿ ಸುಮಾರು 57 ಬಾರ್. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ, ಪೂರ್ತಿ ತುಂಬಿದ ಸಿಲಿಂಡರ್‌ನ ಒತ್ತಡ ಅಲ್ಲಿಂದ ಮುಂದೆ ಕಡಿದಾಗಿ ಏರುತ್ತದೆ. ಯುರೋಪಿನ ಒಳಾಂಗಣ ರೇಂಜಿನಲ್ಲಿ ಇದನ್ನು ಸಹಿಸಬಹುದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಗಡಿನ ಚಾವಣಿಯ ಕೆಳಗೆ ಬೆಳಗಿನ ಗುಂಪು ಒಂದು ಕಡೆ, ಮಧ್ಯಾಹ್ನದ ಗುಂಪು ಇನ್ನೊಂದು ಕಡೆ ಹೋಗುತ್ತದೆ. ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಗಾಳಿ ತುಂಬಿದ ಸಿಲಿಂಡರ್

ರೇಂಜಿನಲ್ಲಿ ‘ಪಿಸಿಪಿ’ (ಪ್ರಿ-ಚಾರ್ಜ್ಡ್ ನ್ಯೂಮ್ಯಾಟಿಕ್) ಎಂದರೆ ಇದು. ಫೈನ್‌ವೆರ್ಕ್‌ಬಾವ್, ವಾಲ್ಥರ್, ಅನ್‌ಶುಟ್ಸ್, ಸ್ಟೈಯರ್ ಎಲ್ಲರೂ ಈಗ ಸ್ಪರ್ಧೆಗೆ ತಯಾರಿಸುವುದು ಇದನ್ನೇ. ನಮ್ಮಲ್ಲಿ ಪ್ರೆಸಿಹೋಲ್‌ನಂತಹ ತಯಾರಕರೂ ಈ ದಾರಿ ಹಿಡಿದಿದ್ದಾರೆ. ನಳಿಗೆಯ ಕೆಳಗಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಹೊಡೆತಕ್ಕೂ ಒಂದೇ ಅಳತೆಯಲ್ಲಿ ಕೊಡುತ್ತದೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಎಳೆಯುವ ಶ್ರಮವಿಲ್ಲ. ಒಮ್ಮೆ ತುಂಬಿಸಿದರೆ ಸಿಲಿಂಡರ್‌ನ ಗಾತ್ರ ನೋಡಿಕೊಂಡು ಇನ್ನೂರು, ಮುನ್ನೂರು ಹೊಡೆತಗಳು ಬರುತ್ತವೆ.

ಸ್ಪರ್ಧೆಯೇ ಗುರಿಯಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಬಹುದು, ಗಾಳಿಯ ಪ್ರಶ್ನೆಗೆ ಉತ್ತರವಿದ್ದರೆ ಮಾತ್ರ. ದಾರಿಗಳು ಮೂರು. ಒಂದು, ಅಭ್ಯಾಸಕ್ಕೆ ಹೋಗುವ ರೇಂಜಿನ ಕಂಪ್ರೆಸರ್. ಬೆಂಗಳೂರಿನಂತಹ ಊರಿನಲ್ಲಿ ಬಹಳ ಮಂದಿ ಹೀಗೆಯೇ ನಡೆಸುತ್ತಾರೆ. ಎರಡು, ನೇತ್ರಾಣಿಯಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವಂತಹ ಸ್ಕೂಬಾ ಸಿಲಿಂಡರನ್ನು ಮನೆಯಲ್ಲಿಟ್ಟು ಅದರಿಂದ ರೈಫಲ್‌ಗೆ ಹಾಯಿಸುವುದು. ಮೊದಲ ಸಲ 200 ಬಾರ್ ಸಿಗುತ್ತದೆ, ಆಮೇಲಿನ ಪ್ರತಿ ಸಲವೂ ದೊಡ್ಡ ಸಿಲಿಂಡರ್‌ನ ಒತ್ತಡ ಇಳಿದಷ್ಟು ಚಿಕ್ಕದರದೂ ಇಳಿಯುತ್ತದೆ. ರೆಗ್ಯುಲೇಟರ್ ಇರುವ ರೈಫಲ್‌ಗೆ 150 ಬಾರ್ ತುಂಬಿಸಿದರೂ ಅಭ್ಯಾಸಕ್ಕೆ ಧಾರಾಳ ಸಾಕು. ಮೂರು, ಕೈಪಂಪು. ಸೈಕಲ್ ಪಂಪಿನ ಆಕಾರ ನೋಡಿ ಮೋಸಹೋಗಬೇಡಿ, ಖಾಲಿ ಸಿಲಿಂಡರ್ ತುಂಬಿಸುವುದು ಬೆವರಿಳಿಸುವ ಕೆಲಸ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಗಾಳಿಯ ಜೊತೆ ನೀರನ್ನೂ ಒಳಗೆ ತಳ್ಳುತ್ತದೆ. ತೇವ ಹೀರುವ ಫಿಲ್ಟರ್ ಇರಲೇಬೇಕು, ನಡುನಡುವೆ ನಿಲ್ಲಿಸಿ ಪಂಪು ತಣಿಯಲು ಬಿಡಬೇಕು.

ಇಲ್ಲೊಂದು ಮಾತನ್ನು ದೊಡ್ಡ ದನಿಯಲ್ಲೇ ಹೇಳಬೇಕು. ಗ್ಯಾರೇಜಿನ ಪಂಕ್ಚರ್ ಕಂಪ್ರೆಸರ್ ಈ ಒತ್ತಡದ ಹತ್ತಿರಕ್ಕೂ ಬರುವುದಿಲ್ಲ, ಸರಿ. ಆಗ ಯಾರೋ ಒಬ್ಬರು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತೋರಿಸುತ್ತಾರೆ. ಒತ್ತಡದ ಆಮ್ಲಜನಕ ಎಣ್ಣೆ, ಗ್ರೀಸುಗಳ ಸಂಪರ್ಕಕ್ಕೆ ಬಂದರೆ ಸಿಡಿಯುತ್ತದೆ, ರೈಫಲ್‌ನ ಒಳಗೆ ಗ್ರೀಸು ಇದ್ದೇ ಇರುತ್ತದೆ. ಉಸಿರಾಡಲು ಯೋಗ್ಯವಾದ ಒಣ ಗಾಳಿಯನ್ನು ಬಿಟ್ಟು ಬೇರೇನನ್ನೂ ತುಂಬಿಸಬಾರದು. ತುಂಬಿಸುವಾಗ ನಿಧಾನವಾಗಿ, ನಮೂದಿಸಿದ ಒತ್ತಡ ಮೀರದಂತೆ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡುವುದೂ ಸಲ್ಲದು.

ಸಿಲಿಂಡರ್‌ಗೆ ಆಯುಸ್ಸೂ ಇದೆ. ಜರ್ಮನ್ ಕಂಪನಿಗಳ ಬಹಳಷ್ಟು ಸಿಲಿಂಡರ್‌ಗಳ ಬಳಕೆಯ ಅವಧಿ ಹತ್ತು ವರ್ಷ, ತಯಾರಾದ ತಿಂಗಳು ಮತ್ತು ವರ್ಷ ಮೈಮೇಲೆಯೇ ಕೆತ್ತಿರುತ್ತದೆ. ಅವಧಿ ಮೀರದಂತೆ ನೋಡಿಕೊಳ್ಳುವುದು ಸ್ಪರ್ಧಿಯದೇ ಹೊಣೆ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ರೈಫಲ್ ಬೆಲೆ ಮಾತಾಡುವ ಮೊದಲು ಆ ತಾರೀಖು ಓದಿ. ಹೊಸ ಸಿಲಿಂಡರ್‌ನ ಬೆಲೆ, ಅದು ವಿದೇಶದಿಂದ ಬರುವವರೆಗಿನ ಕಾಯುವಿಕೆ ಎರಡನ್ನೂ ಕಳೆದರೆ ‘ಒಳ್ಳೆಯ ವ್ಯಾಪಾರ’ ಎನಿಸಿದ್ದು ಎಷ್ಟೋ ಸಲ ಹಾಗೆ ಉಳಿಯುವುದಿಲ್ಲ. ಒಂದು ಕಂಪನಿಯ ಸಿಲಿಂಡರ್ ಇನ್ನೊಂದಕ್ಕೆ ಕೂರುತ್ತದೆಂದು ಊಹಿಸಲೂ ಬೇಡಿ.

ಮೈಗೆ ಹೊಂದಿಸುವುದು

ಯಾರದೋ ಅಳತೆಗೆ ಕೂರಿಸಿದ ರೈಫಲ್ ಬೇರೆಯವರ ಕನ್ನಡಕದಂತೆ: ಕಾಣುತ್ತದೆ, ಆದರೆ ತಲೆನೋವು ತಪ್ಪದು. ಅದಕ್ಕೇ ಸ್ಟಾಕ್‌ನಲ್ಲಿ ಏನೇನು ಸರಿಯುತ್ತದೆ ಎಂಬುದನ್ನು ನಾನು ಬ್ರ್ಯಾಂಡ್‌ಗಿಂತ ಮೇಲೆ ಇಡುತ್ತೇನೆ. ಬಟ್‌ನ ಉದ್ದ, ಬಟ್‌ಪ್ಲೇಟ್‌ನ ಎತ್ತರ, ಕೆನ್ನೆ ಕೂರುವ ಚೀಕ್‌ಪೀಸ್‌ನ ಎತ್ತರ ಮತ್ತು ಪಕ್ಕದ ಜರುಗು, ಮುಂಗೈ ಆಧಾರದ ಎತ್ತರ, ಇವು ನಾಲ್ಕೂ ಬದಲಾಗಬೇಕು. ಅಲ್ಯೂಮಿನಿಯಂ ಸ್ಟಾಕ್‌ನಲ್ಲಿ ಎಲ್ಲವೂ ಸುಲಭವಾಗಿ ಸರಿಯುತ್ತವೆ. ಮರದ್ದು ನೋಡಲು ಚೆಂದ, ಹಿಡಿಯಲು ಹಿತ. ಆದರೆ ವರ್ಷಕ್ಕೆ ನಾಲ್ಕು ಬೆರಳು ಬೆಳೆಯುವ ಮಕ್ಕಳಿಗೆ ಸರಿಯದ ಮರ ಎಂದರೆ ಮುಂದಿನ ವರ್ಷ ಇನ್ನೊಂದು ಖರ್ಚು.

ನಿಯಮದಂತೆ ರೈಫಲ್‌ನ ತೂಕ 5.5 ಕಿಲೋ ಮೀರುವಂತಿಲ್ಲ. ಭಾರವಿದ್ದಷ್ಟೂ ಸ್ಥಿರ ಎಂದುಕೊಂಡು ಎಳೆಯರ ಕೈಗೆ ದೊಡ್ಡವರ ರೈಫಲ್ ಕೊಡುವವರಿದ್ದಾರೆ. ಭಾರ ಹೆಚ್ಚಾದಾಗ ಮಗು ಸೊಂಟವನ್ನು ಮುಂದೆ ತಳ್ಳಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ತೂಕ ಹೊರುತ್ತದೆ. ಬೆಳೆಯುವ ಬೆನ್ನಿಗೆ ಇದು ಒಳ್ಳೆಯದಲ್ಲ. ನಾಲ್ಕು ಕಿಲೋದೊಳಗಿನ ಜೂನಿಯರ್ ಮಾದರಿ ಹುಡುಕಿ, ತೂಕದ ಬಿಲ್ಲೆಗಳನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಅಳತೆ ಹಿಡಿಯುವಾಗ ಶೂಟಿಂಗ್ ಜಾಕೆಟ್ ಮೈಮೇಲಿರಬೇಕು. ಅಂಗಿಯ ಮೇಲೆ ಹೊಂದಿಸಿದ ಬಟ್ ಜಾಕೆಟ್ ತೊಟ್ಟ ದಿನ ಉದ್ದವಾಗುತ್ತದೆ. ನಾನು ಒಪ್ಪುವ ಕ್ರಮ ಇದು: ಮೊದಲು ರೈಫಲ್ ಇಲ್ಲದೆ ಕಾಲು, ಸೊಂಟ, ಎಡಮೊಣಕೈ ಜಾಗಕ್ಕೆ ಬರಲಿ, ತಲೆ ನೆಟ್ಟಗಿರಲಿ. ಆಮೇಲೆ ರೈಫಲ್ ತಲೆಯ ಬಳಿಗೆ ಬರಬೇಕು, ತಲೆ ರೈಫಲ್ ಬಳಿಗೆ ಬಾಗಬಾರದು. ಬಟ್‌ಪ್ಲೇಟ್ ಮೇಲೆ ಕೆಳಗೆ ಮಾಡಿದರೆ ರೈಫಲ್‌ನ ಎತ್ತರ ಸಿಗುತ್ತದೆ. ಬಟ್ ಉದ್ದವನ್ನು ಬಲಗೈ ಹಿಗ್ಗದೆ, ಮುದುರದೆ ಟ್ರಿಗರ್ ತಲುಪುವಂತೆ ಇಡಿ. ಕೆನ್ನೆಯ ತೂಕವಷ್ಟೇ ಚೀಕ್‌ಪೀಸ್ ಮೇಲೆ ಕೂತಾಗ ಕಣ್ಣು ಹಿಂದಿನ ರಂಧ್ರದ ನಡುವಿಗೆ ತಾನಾಗಿ ಬರಬೇಕು. ಕೊನೆಗೆ ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟು ತೆರೆಯಿರಿ. ಗುರಿ ಪಕ್ಕಕ್ಕಿದ್ದರೆ ತೋಳಿನಿಂದ ತಳ್ಳಬೇಡಿ, ಹಿಂದಿನ ಪಾದ ಜರುಗಿಸಿ. ಒಂದು ದಿನಕ್ಕೆ ಒಂದೇ ತಿರುಪು ತಿರುಗಿಸಿ, ತಿರುಗಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದವರಿಗೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದೇ ಇಲ್ಲ.

ಕಣ್ಣಿನ ವಿಚಾರ ಇದಕ್ಕೂ ಮೊದಲೇ ತೀರ್ಮಾನವಾಗಬೇಕು. ಬಲಗೈಯವರಲ್ಲಿ ಎಡಗಣ್ಣು ಪ್ರಬಲವಾಗಿರುವವರು ಅಪರೂಪವಲ್ಲ. ತೋಳು ಚಾಚಿ ಎರಡೂ ಅಂಗೈಗಳ ನಡುವಿನ ಕಿಂಡಿಯಲ್ಲಿ ದೂರದ ಗಡಿಯಾರ ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಯಾವ ಕಣ್ಣು ಆಳುತ್ತಿದೆ ಎಂದು ತಿಳಿಯುತ್ತದೆ. ಹೊಸಬರಾದರೆ ಆ ಕಣ್ಣಿನ ಕಡೆಯ ಹೆಗಲಲ್ಲೇ ಕಲಿಯುವುದು ಮೇಲು. ಕೊಡಗಿನ ಮನೆಗಳಲ್ಲಿ ಕೋವಿ ನೋಡುತ್ತಲೇ ಬೆಳೆದು, ಕೈಲ್ ಪೋಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿ ಉದುರಿಸಿದವರಿಗೂ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಅರವತ್ತು ಹೊಡೆತಗಳ ಆಟ ಬೇರೆ.

ಸೈಟ್, ಅಂದರೆ ಗುರಿ ಹಿಡಿಯುವ ಸಾಧನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಓಪನ್ ಸೈಟ್ (ಮೇಲೆ ತೆರೆದ ಕಚ್ಚಿನಲ್ಲಿ ನೋಡುವುದು), ಪೀಪ್ ಸೈಟ್ (ಸಣ್ಣ ರಂಧ್ರದಲ್ಲಿ ನೋಡುವುದು) ಎಂದು ಬೇರೆ ಬೇರೆ ವಿಭಾಗಗಳಿವೆ. ಮಗು ಯಾವುದರಲ್ಲಿ ನಿಲ್ಲುತ್ತದೆಂದು ಕೋಚ್‌ನನ್ನು ಕೇಳಿಯೇ ಕೊಳ್ಳಿ, ಒಲಿಂಪಿಕ್ಸ್‌ನ ದಾರಿ ಪೀಪ್ ಸೈಟ್‌ನದು. ನಳಿಗೆಯ ಮುಂತುದಿಯ ಸೈಟಿನ ಉಂಗುರವನ್ನು ಕಪ್ಪಿನ ಸುತ್ತ ಬಿಳಿ ಧಾರಾಳವಾಗಿ ಕಾಣುವಷ್ಟು ದೊಡ್ಡದಾಗಿಡಿ, 4 ಮಿ.ಮೀ. ಆಸುಪಾಸಿನಿಂದ ಶುರುಮಾಡಬಹುದು. ಉಂಗುರ ಬಿಗಿಯಾದಷ್ಟೂ ಪ್ರತಿ ಅಲುಗಾಟವೂ ಕಂಡು ಬೆರಳು ಹೆದರುತ್ತದೆ. ಟ್ರಿಗರ್‌ನದೂ ಇದೇ ಕಥೆ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಎಂಬ ಕಟ್ಟಳೆಯಿದೆ, ರೈಫಲ್‌ಗೆ ಅಂತಹ ಮಿತಿಯಿಲ್ಲ. ಅದಕ್ಕೇ ಹೊಸಬರು ಮುಟ್ಟಿದರೆ ಬೀಳುವಷ್ಟು ಹಗುರ ಮಾಡಿಕೊಂಡು, ಬೇಡದ ಹೊತ್ತಿಗೆ ಹೊಡೆದು ಕೈ ಹಿಸುಕಿಕೊಳ್ಳುತ್ತಾರೆ. ಟ್ರಿಗರ್ ಎರಡು ಹಂತದಲ್ಲಿ ಬೀಳುತ್ತದೆ: ಮೊದಲ ಹಂತ ಸ್ಪಷ್ಟವಾಗಿ ನಿಲ್ಲಬೇಕು, ಎರಡನೆಯದು ಬೆರಳಿಗೆ ಗೊತ್ತಾಗುವಷ್ಟು ತೂಗಬೇಕು. ಎಲೆಕ್ಟ್ರಾನಿಕ್ ಟ್ರಿಗರ್‌ಗೆಂದು ಸುರಿಯುವ ಹಣದಲ್ಲಿ ಮೊದಲು ಮೈಗೆ ಹೊಲಿಸಿದ ಜಾಕೆಟ್ ಮಾಡಿಸಿ.

ಪೆಲೆಟ್ ಚಪ್ಪಟೆ ತಲೆಯದೇ ಆಗಬೇಕು, ಕಾಗದದಲ್ಲಿ ದುಂಡಗೆ ತೂತು ಬೀಳಿಸುವುದು ಅದು ಮಾತ್ರ. ತಲೆಯ ಅಳತೆ 4.49, 4.50, 4.51 ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. ಆರಂಭದ ತಿಂಗಳುಗಳಲ್ಲಿ ದೇಶೀ ಪೆಲೆಟ್ ಸಾಕು. ಸರಾಸರಿ ಹತ್ತರ ಹತ್ತಿರ ಬಂದ ಮೇಲೆ ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್‌ಗಳನ್ನು ರೈಫಲ್ ವೈಸಿಗೆ ಕಟ್ಟಿ ಪರೀಕ್ಷಿಸಿ, ಒಗ್ಗಿದ ಬ್ಯಾಚ್‌ನ ಡಬ್ಬಿಗಳನ್ನು ಒಟ್ಟಿಗೆ ಕೊಂಡಿಡಿ.

ನನ್ನ ಶಿಫಾರಸು ಹೀಗೆ. ಊರಿನಲ್ಲಿ ಕಂಪ್ರೆಸರ್ ಇರುವ ರೇಂಜ್ ಇದ್ದರೆ ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ, ಅಲ್ಲಿಯ ಬಾಡಿಗೆ ರೈಫಲ್‌ನಲ್ಲೇ ಹೊಡೆಯಿರಿ. ಆಸಕ್ತಿ ಉಳಿದರೆ ಸರಿಯುವ ಸ್ಟಾಕ್ ಇರುವ, ರೆಗ್ಯುಲೇಟರ್ ಇರುವ ಪಿಸಿಪಿ ಕೊಳ್ಳಿ, ದೇಶೀಯದ್ದಾದರೂ ಸರಿ. ಬಿಡಿಭಾಗ ಇಲ್ಲೇ ಸಿಗುವುದು ಸಣ್ಣ ಲಾಭವಲ್ಲ. ರೇಂಜ್ ದೂರವಿದ್ದು ದೊಡ್ಡವರೇ ಹೊಡೆಯುವುದಾದರೆ ಸುಸ್ಥಿತಿಯ ಒಂದೇ ಎಳೆತದ ರೈಫಲ್ ಹುಡುಕಿ. ಕೈಯಲ್ಲಿ ಕೆಲವೇ ಸಾವಿರ ಇದ್ದು, ಮಗು ಓಪನ್ ಸೈಟ್ ವಿಭಾಗದಲ್ಲಿ ಈ ವರ್ಷವೇ ನಿಲ್ಲಬೇಕಿದ್ದರೆ ಮಾತ್ರ ಸ್ಪ್ರಿಂಗ್.

ಹಳೆಯ ಪಿಸಿಪಿ ನೋಡಲು ಹೋದಾಗ ಸಿಲಿಂಡರ್‌ನ ತಾರೀಖು ಓದಿದ ಮೇಲೆ ಒತ್ತಡದ ಮುಳ್ಳು ಎಲ್ಲಿದೆಯೆಂದು ಫೋಟೊ ತೆಗೆದುಕೊಳ್ಳಿ. ಸಿಲಿಂಡರನ್ನು ರೈಫಲ್‌ಗೆ ತಿರುಗಿಸಿ ಹಾಗೆಯೇ ಒಂದು ರಾತ್ರಿ ಇಡಲು ಕೇಳಿ, ಬೆಳಿಗ್ಗೆ ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೀಲ್ ಸೋರುತ್ತಿದೆ, ಆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಳಿಕ ರೈಫಲ್ಲನ್ನು ಮೇಜಿನ ಮೇಲೆ ಆನಿಸಿ ಹತ್ತು ಪೆಲೆಟ್ ಹೊಡೆಯಿರಿ. ಮೊದಲ ಹೊಡೆತ ಮಾತ್ರ ಮೇಲೆ ಹೋಗಿ ಉಳಿದವು ಒಂದೆಡೆ ಕೂತರೆ ರೆಗ್ಯುಲೇಟರ್ ನಿಧಾನವಾಗಿ ಸೋರುತ್ತಿರಬಹುದು. ಹೊಡೆತಗಳು ಒಂದೊಂದಾಗಿ ಕೆಳಗಿಳಿಯುತ್ತ ಹೋದರೆ, ಸಿಲಿಂಡರ್‌ನಲ್ಲಿ ಗಾಳಿ ಸಾಕಷ್ಟಿದ್ದೂ ಒಳಗೆ ಬರುತ್ತಿಲ್ಲ ಎಂದರ್ಥ. ರಾತ್ರಿ ಇಡಲು ಮಾರುವವರು ಒಪ್ಪದಿದ್ದರೆ ಟೀ ಕುಡಿದು ವಾಪಸ್ ಬನ್ನಿ.